ಕರಣೆ, ಕಾರ್ನೆಟ್ ಮತ್ತು ಹೊಟ್ಟೆಪಾಡು

ಕೇಳುಗರಿಗೆ ನಮಸ್ಕಾರ.

ಜಾಝ್ ವಾದಕರ ಬದುಕಿನ ಮಾತನ್ನು ಹಲ್ಲಿನಿಂದ ಆರಂಭಿಸುತ್ತೇನೆ. 1930ರ ದಶಕದ ಕೊನೆಗೆ ಅಮೆರಿಕದ ಕೆಲವು ಬರಹಗಾರರು ಈ ಸಂಗೀತದ ಮೊದಲ ತಲೆಮಾರಿನವರಲ್ಲಿ ಯಾರು ಇನ್ನೂ ಬದುಕಿದ್ದಾರೆ ಎಂದು ಹುಡುಕುತ್ತಿದ್ದರು. ಹೆಸರಾಂತ ಟ್ರಂಪೆಟ್ ವಾದಕ ಲೂಯಿಸ್ ಆರ್ಮ್‌ಸ್ಟ್ರಾಂಗ್ ಅವರನ್ನು ಕೇಳಿದಾಗ ಬಂಕ್ ಜಾನ್ಸನ್ ಎಂಬ ಹೆಸರು ಸಿಕ್ಕಿತು. ಈ ಜಾನ್ಸನ್ ಲೂಯಿಸಿಯಾನ ರಾಜ್ಯದ ನ್ಯೂ ಐಬೀರಿಯಾ ಎಂಬ ಸಣ್ಣ ಊರಿನಲ್ಲಿ ಗದ್ದೆಯ ಕೂಲಿ, ಲಾರಿಯ ಕೆಲಸ, ಹೀಗೆ ಸಿಕ್ಕಿದ್ದನ್ನು ಮಾಡಿಕೊಂಡಿದ್ದರು. ಬಾಯಲ್ಲಿ ಹಲ್ಲಿರಲಿಲ್ಲ, ಕೈಯಲ್ಲಿ ಟ್ರಂಪೆಟ್ ಇರಲಿಲ್ಲ. ಮುಂದಿನ ಹಲ್ಲುಗಳ ಆಸರೆಯಿಲ್ಲದೆ ತುಟಿ ನಿಲ್ಲುವುದಿಲ್ಲ, ತುಟಿ ನಿಲ್ಲದೆ ಟ್ರಂಪೆಟ್ ನುಡಿಯುವುದಿಲ್ಲ. ಎರಡನ್ನೂ ಕೊಡಿಸಿದರೆ ಮತ್ತೆ ಊದಿ ತೋರಿಸುತ್ತೇನೆ ಎಂದು ಅವರು ಪತ್ರ ಬರೆದರು. ಅಭಿಮಾನಿಗಳು ಹಣ ಕೂಡಿಸಿದರು. ಕಟ್ಟುಹಲ್ಲು ಮಾಡಿಕೊಟ್ಟವರು ಲಿಯೊನಾರ್ಡ್ ಬೆಶೆ. ಪ್ರಸಿದ್ಧ ಕ್ಲಾರಿನೆಟ್ ವಾದಕ ಸಿಡ್ನಿ ಬೆಶೆಯವರ ಅಣ್ಣ. ವೃತ್ತಿಯಲ್ಲಿ ದಂತವೈದ್ಯರು, ಅವರೂ ಟ್ರಾಂಬೋನ್ ನುಡಿಸಿದವರೇ. 1942ರಲ್ಲಿ ಜಾನ್ಸನ್ ಅವರ ಮೊದಲ ಧ್ವನಿಮುದ್ರಿಕೆಗಳು ಬಂದವು. ಹುಟ್ಟಿದ್ದು 1879ರಲ್ಲಿ ಎಂದು ಅವರು ಹೇಳುತ್ತಿದ್ದರು; ಸಂಶೋಧಕರು ಅದನ್ನು ಸುಮಾರು ಹತ್ತು ವರ್ಷ ಈಚೆಗೆ ಎಳೆಯುತ್ತಾರೆ. ಹಳಬನಾದಷ್ಟೂ ಬೇಡಿಕೆ ಹೆಚ್ಚು ಎಂಬುದು ಮನುಷ್ಯನಿಗೆ ಚೆನ್ನಾಗಿ ಅರ್ಥವಾಗಿತ್ತು ಎಂದು ಕಾಣುತ್ತದೆ.

ಹಲ್ಲು ಕಟ್ಟುವ ಟ್ರಾಂಬೋನ್ ವಾದಕ ನಮಗೆ ವಿಚಿತ್ರವಾಗಿ ಕಾಣಬಹುದು. ಜಾಝ್‌ನ ತವರಾದ ಅಂದಿನ ನ್ಯೂ ಆರ್ಲಿಯನ್ಸ್ ನಗರದಲ್ಲಿ ಅದು ವಿಚಿತ್ರವಲ್ಲ. ಅಲ್ಲಿನ ವಾದಕರಲ್ಲಿ ಬಹುಮಂದಿಗೆ ಹಗಲಿಗೊಂದು ಕಸುಬು ಇತ್ತು. ಕ್ಲಾರಿನೆಟ್ ಗುರುಗಳ ಮನೆತನವಾದ ಟಿಯೋ ಕುಟುಂಬದವರು ಸಿಗಾರ್ ಸುತ್ತುತ್ತಿದ್ದರು. ಮೆರವಣಿಗೆಯ ಬ್ಯಾಂಡುಗಳಲ್ಲಿ ಹೆಸರಾದ, ಟ್ರಂಪೆಟ್ಟನ್ನೇ ಹೋಲುವ ಕಾರ್ನೆಟ್ ಎಂಬ ವಾದ್ಯದ ವಾದಕ ಮ್ಯಾನುಯೆಲ್ ಪೆರೆಸ್ ಅವರದೂ ಸಿಗಾರ್ ಕೆಲಸವೇ. ಕ್ಲಾರಿನೆಟ್ಟಿನ ಅಲ್ಫಾನ್ಸ್ ಪಿಕೂ ತಗಡಿನ ಕೆಲಸದವರು. ಬ್ಯಾಂಜೊ ಮತ್ತು ಗಿಟಾರ್ ನುಡಿಸುತ್ತಿದ್ದ ಜಾನಿ ಸೇಂಟ್ ಸಿರ್ ಗೋಡೆಗೆ ಗಾರೆ ಬಳಿಯುವವರು. ಬಾಸ್ ವಾದಕ ಪಾಪ್ಸ್ ಫಾಸ್ಟರ್ ಮಿಸ್ಸಿಸ್ಸಿಪ್ಪಿ ದಂಡೆಯ ಹಡಗುಕಟ್ಟೆಯಲ್ಲಿ ಮೂಟೆ ಇಳಿಸಿದವರು. ಜಾಝ್‌ನ ಮೂಲಪುರುಷ ಎಂದು ಎಲ್ಲರೂ ಬೆರಳು ತೋರಿಸುವ ಬಡಿ ಬೋಲ್ಡನ್ ಕೂಡ ಗಾರೆ ಕೆಲಸ ಮಾಡಿದವರೇ. 1907ರಲ್ಲಿ ಮನೋರೋಗದಿಂದ ಆಸ್ಪತ್ರೆ ಸೇರಿದ ಅವರು 1931ರಲ್ಲಿ ಸಾಯುವವರೆಗೂ ಅಲ್ಲಿಂದ ಹೊರಬರಲಿಲ್ಲ. ಅವರ ಕಾರ್ನೆಟ್ಟಿನ ಒಂದೇ ಒಂದು ಸ್ವರವೂ ಧ್ವನಿಮುದ್ರಣದ ತಟ್ಟೆಯಲ್ಲಿ ಉಳಿದಿಲ್ಲ.

ಈ ಕಸುಬುದಾರರಲ್ಲಿ ಕ್ರಿಯೋಲ್ ಎಂಬ ಸಮುದಾಯದವರ ಕಥೆ ಬೇರೆ. ಫ್ರೆಂಚ್ ಮತ್ತು ಆಫ್ರಿಕನ್ ಮೂಲಗಳೆರಡೂ ಬೆರೆತವರು, ಕೆನಾಲ್ ಬೀದಿಯ ಕೆಳಭಾಗದಲ್ಲಿ ನೆಲೆಸಿದವರು, ಕುಶಲಕರ್ಮಿಗಳು, ಸ್ವರಲಿಪಿ ಓದಿ ನುಡಿಸುವ ಶಿಸ್ತಿನವರು. ಬೀದಿಯ ಮೇಲ್ಭಾಗದ ಬಡ ಕಪ್ಪು ಜನರ ವಾದನ ಅವರ ಕಿವಿಗೆ ಒರಟು. ಆದರೆ 1890ರಲ್ಲಿ ಲೂಯಿಸಿಯಾನ ರಾಜ್ಯ ರೈಲಿನಲ್ಲಿ ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಡಬ್ಬಿ ಎಂದು ಕಾನೂನು ಮಾಡಿತು. ಹೋಮರ್ ಪ್ಲೆಸಿ ಎಂಬ ಕ್ರಿಯೋಲ್ ಚಪ್ಪಲಿ ಕೆಲಸಗಾರ ಬಿಳಿಯರ ಡಬ್ಬಿಯಲ್ಲಿ ಕೂತು ಅದನ್ನು ಪ್ರಶ್ನಿಸಿದರು; 1896ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಕಾನೂನಿನ ಕಣ್ಣಲ್ಲಿ ಇನ್ನು ಕ್ರಿಯೋಲನೂ ಕರಿಯನೇ. ಇದ್ದ ಸ್ಥಾನಮಾನ ಕುಸಿಯುತ್ತಾ ಬಂತು. ಸ್ವರಲಿಪಿಯ ಶಿಸ್ತಿನವರು, ಕಿವಿಯಿಂದಲೇ ಕಲಿತು ಎದೆಯಿಂದ ಊದುವವರು, ಇಬ್ಬರೂ ಒಂದೇ ಬ್ಯಾಂಡಿನಲ್ಲಿ ಅಕ್ಕಪಕ್ಕ ನಿಲ್ಲಬೇಕಾಯಿತು. ಈ ಸಂಗೀತದ ಹುಟ್ಟನ್ನು ಪ್ರೀತಿ, ಸೌಹಾರ್ದ ಎಂದೆಲ್ಲ ಬಣ್ಣಿಸುವವರಿದ್ದಾರೆ. ನನಗೇನೋ ಇದರಲ್ಲಿ ನ್ಯಾಯಾಲಯದ ತೀರ್ಪಿನ ಪಾಲೂ ಸಾಕಷ್ಟು ಕಾಣುತ್ತದೆ.

ಆರ್ಮ್‌ಸ್ಟ್ರಾಂಗ್ 1901ರಲ್ಲಿ ಹುಟ್ಟಿದ್ದು ಬೀದಿಯ ಮೇಲ್ಭಾಗದಲ್ಲಿ, ಕಡುಬಡತನದಲ್ಲಿ. ಕಾರ್ನಾಫ್ಸ್ಕಿ ಎಂಬ ಯಹೂದಿ ವಲಸಿಗರ ಕುಟುಂಬ ಗುಜರಿ ಕೊಳ್ಳುವ, ಕಲ್ಲಿದ್ದಲು ಮಾರುವ ಬಂಡಿ ನಡೆಸುತ್ತಿತ್ತು. ಬಾಲಕ ಲೂಯಿಸ್ ಆ ಬಂಡಿಯ ಮೇಲೆ ಕೂತು ಗಿರಾಕಿಗಳನ್ನು ಕರೆಯಲು ತಗಡಿನ ಕಹಳೆ ಊದುತ್ತಿದ್ದ. ಮೊದಲ ಕಾರ್ನೆಟ್ಟನ್ನು ಗಿರವಿ ಅಂಗಡಿಯಿಂದ ಐದು ಡಾಲರಿಗೆ ಕೊಂಡದ್ದು ಆ ಕುಟುಂಬ ಮುಂಗಡ ಕೊಟ್ಟ ಹಣದಿಂದ. ಅದನ್ನು ಆರ್ಮ್‌ಸ್ಟ್ರಾಂಗ್ ಮುಪ್ಪಿನಲ್ಲಿ ಕೃತಜ್ಞತೆಯಿಂದ ಬರೆದಿಟ್ಟಿದ್ದಾರೆ. 1912ರ ಡಿಸೆಂಬರ್ 31ರ ರಾತ್ರಿ ಹೊಸ ವರ್ಷದ ಗದ್ದಲದಲ್ಲಿ ಬೀದಿಯಲ್ಲಿ ಪಿಸ್ತೂಲು ಹಾರಿಸಿ ಪೊಲೀಸರ ಕೈಗೆ ಸಿಕ್ಕಿದ ಹುಡುಗನನ್ನು ಬಾಲಮಂದಿರಕ್ಕೆ ಹಾಕಿದರು. ಅಲ್ಲಿ ಪೀಟರ್ ಡೇವಿಸ್ ಎಂಬ ಮೇಷ್ಟರು ಅವನನ್ನು ಬ್ಯಾಂಡಿಗೆ ಸೇರಿಸಿಕೊಂಡು ಸರಿಯಾದ ಪಾಠ ಹೇಳಿದರು. ಹೊರಬಂದ ಮೇಲೆ ಮತ್ತೆ ಕಲ್ಲಿದ್ದಲ ಗಾಡಿ. ಹಗಲು ಕಲ್ಲಿದ್ದಲು, ರಾತ್ರಿ ಕಾರ್ನೆಟ್.

ಅವನನ್ನು ಮಗನಂತೆ ಕಂಡು ತಿದ್ದಿದವರು ಜೋ ಆಲಿವರ್. ಜನ ಅವರನ್ನು ಕರೆಯುತ್ತಿದ್ದದ್ದೇ ಕಿಂಗ್ ಆಲಿವರ್ ಎಂದು. 1922ರಲ್ಲಿ ಆಲಿವರ್ ತಮ್ಮ ಶಿಷ್ಯನನ್ನು ಷಿಕಾಗೋಗೆ ಕರೆಸಿಕೊಂಡರು. ಆ ಬ್ಯಾಂಡಿನ ಪಿಯಾನೊ ಮುಂದೆ ಕೂರುತ್ತಿದ್ದವರು ಮೆಂಫಿಸ್‌ನ ಲಿಲ್ ಹಾರ್ಡಿನ್. ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಓದಿದ ಹುಡುಗಿ. ಷಿಕಾಗೋದ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಹೊಸ ಹಾಡುಗಳ ಸ್ವರಲಿಪಿ ನುಡಿಸಿ ತೋರಿಸುವ ಕೆಲಸದಿಂದ ಬ್ಯಾಂಡಿಗೆ ಬಂದವರು. ಮುಂದೆ ಆರ್ಮ್‌ಸ್ಟ್ರಾಂಗ್ ಅವರ ಹೆಂಡತಿಯಾದರು. ಎರಡನೆಯ ಕಾರ್ನೆಟ್ಟಾಗಿ ಎಷ್ಟು ದಿನ ಇರುತ್ತೀರಿ ಎಂದು ಗಂಡನನ್ನು ಗುರುವಿನ ನೆರಳಿನಿಂದ ಹೊರಕ್ಕೆ ತಳ್ಳಿದವರು ಅವರೇ. ಆಕೆ ಇಲ್ಲದಿದ್ದರೆ 1925ರಲ್ಲಿ ಆರಂಭವಾದ, ಗಂಡನ ಸ್ವಂತ ತಂಡವಾದ ಹಾಟ್ ಫೈವ್‌ನ ಆ ತಟ್ಟೆಗಳು ಬರುತ್ತಿದ್ದವೇ ಎಂಬುದು ನನ್ನ ಅನುಮಾನ.

ಇನ್ನು ಆಲಿವರ್ ಅವರ ವಿಷಯ. 1927ರಲ್ಲಿ ನ್ಯೂಯಾರ್ಕಿನ ಕಾಟನ್ ಕ್ಲಬ್ ಎಂಬ ನೈಟ್‌ಕ್ಲಬ್ ಅವರನ್ನು ಕರೆಯಿತು. ಸಂಬಳ ಸಾಲದು ಎಂದು ಅವರು ಒಪ್ಪಲಿಲ್ಲ. ಆ ಜಾಗಕ್ಕೆ ಬಂದವರು ಪಿಯಾನೊ ವಾದಕ, ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್. ಅಲ್ಲಿಂದ ರೇಡಿಯೊ ಮೂಲಕ ಇಡೀ ದೇಶಕ್ಕೆ ಎಲಿಂಗ್ಟನ್ ಪರಿಚಯವಾದರು. ಆಲಿವರ್ ಅವರಿಗೆ ಮಾತ್ರ ಎಲ್ಲವೂ ಒಟ್ಟಿಗೆ ಕೈಕೊಟ್ಟಿತು. ವಸಡಿನ ರೋಗ ಹಲ್ಲು ತಿಂದಿತು. 1929ರ ನಂತರದ ಆರ್ಥಿಕ ಕುಸಿತ ಕೆಲಸ ತಿಂದಿತು. ದಕ್ಷಿಣದ ಊರುಗಳಲ್ಲಿ ಕೆಟ್ಟು ನಿಲ್ಲುವ ಬಸ್ಸಿನಲ್ಲಿ ಬ್ಯಾಂಡು ಕಟ್ಟಿಕೊಂಡು ಅಲೆದು, ಕೊನೆಗೆ ಜಾರ್ಜಿಯದ ಸವಾನ್ನಾದಲ್ಲಿ ನಿಂತರು. ಅಲ್ಲಿ ಬಿಲಿಯರ್ಡ್ಸ್ ಆಡುವ ಕೋಣೆಯೊಂದನ್ನು ಬೆಳಿಗ್ಗೆ ಒಂಬತ್ತಕ್ಕೆ ತೆರೆದು ಮಧ್ಯರಾತ್ರಿ ಮುಚ್ಚುವ, ಕಸ ಗುಡಿಸುವ ಕೆಲಸ. ದುಡಿಯುವ ಗಂಟೆಗಳ ಕಾಲುಭಾಗದಷ್ಟಾದರೂ ಹಣ ಸಿಕ್ಕಿದ್ದರೆ ಸಾಕಿತ್ತು ಎಂದು ಅವರು ಸೋದರಿಗೆ ಬರೆದಿದ್ದಾರೆ. ನ್ಯೂಯಾರ್ಕಿಗೆ ಟಿಕೆಟ್ಟಿನ ಹಣ ಕೂಡಿಸುತ್ತಿದ್ದೇನೆ ಎಂದೂ ಬರೆದರು.

1937ರಲ್ಲಿ ಆರ್ಮ್‌ಸ್ಟ್ರಾಂಗ್ ತಮ್ಮ ಬ್ಯಾಂಡಿನೊಡನೆ ಸವಾನ್ನಾಕ್ಕೆ ಹೋದರು. ಬೀದಿಯಲ್ಲಿ ಗುರುಗಳು ಸಿಕ್ಕಿದರು, ತರಕಾರಿ ಮಾರುತ್ತಾ. ಶಿಷ್ಯ ಜೇಬಿನಲ್ಲಿದ್ದ ಹಣ ತೆಗೆದು ಕೊಟ್ಟರು, ಜೊತೆಯ ವಾದಕರೂ ಕೊಟ್ಟರು. ಆ ಸಂಜೆ ಕಛೇರಿಗೆ ಆಲಿವರ್ ಹಳೆಯ ಠೀವಿಯಲ್ಲಿ ಸೂಟು ತೊಟ್ಟು ಬಂದು ವೇದಿಕೆಯ ಬದಿಯಲ್ಲಿ ನಿಂತಿದ್ದರು ಎಂದು ಆರ್ಮ್‌ಸ್ಟ್ರಾಂಗ್ ಮುಂದೆ ಅನೇಕ ಬಾರಿ ಹೇಳಿಕೊಂಡರು. 1938ರ ಏಪ್ರಿಲ್‌ನಲ್ಲಿ ಆಲಿವರ್ ತೀರಿಕೊಂಡರು. ಸೋದರಿ ತನ್ನ ಬಾಡಿಗೆಯ ಹಣ ಖರ್ಚು ಮಾಡಿ ಶವವನ್ನು ನ್ಯೂಯಾರ್ಕಿಗೆ ತರಿಸಿದಳು. ಸಮಾಧಿಗೆ ಕಲ್ಲು ಹಾಕಿಸುವಷ್ಟು ದುಡ್ಡು ಉಳಿಯಲಿಲ್ಲ.

ಅದೇ ಕುಸಿತದಲ್ಲಿ ಉಳಿದವರು ಏನಾದರು ನೋಡಿ. ಆಲಿವರ್ ಜೊತೆಗೂ ಹಾಟ್ ಫೈವ್‌ನಲ್ಲೂ ನುಡಿಸಿದ್ದ ಸೇಂಟ್ ಸಿರ್ ನ್ಯೂ ಆರ್ಲಿಯನ್ಸಿಗೆ ಮರಳಿ ಕರಣೆ ಹಿಡಿದು ಗೋಡೆಯ ಮುಂದೆ ನಿಂತರು. ಟ್ರಾಂಬೋನ್‌ನ ಕಿಡ್ ಓರಿ ಕ್ಯಾಲಿಫೋರ್ನಿಯದಲ್ಲಿ ಸೋದರನ ಜೊತೆ ಕೋಳಿ ಸಾಕಿದರು. ಸಿಡ್ನಿ ಬೆಶೆ ಮತ್ತು ಟ್ರಂಪೆಟ್ ವಾದಕ ಟಾಮಿ ಲ್ಯಾಡ್ನಿಯರ್ 1933ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ದರ್ಜಿ ಅಂಗಡಿ ತೆರೆದರು. ಬೆಶೆ ಬಟ್ಟೆ ಇಸ್ತ್ರಿ ಮಾಡುವುದು, ಲ್ಯಾಡ್ನಿಯರ್ ಬೂಟು ಪಾಲಿಶ್ ಮಾಡುವುದು, ಅಂಗಡಿಯ ಹಿಂಬದಿಯ ಕೋಣೆಯಲ್ಲಿ ವಾದನ. ವ್ಯಾಪಾರ ಕುದುರಲಿಲ್ಲ, ವಾದ್ಯ ಬಲ್ಲ ಗೆಳೆಯರೇ ಗಿರಾಕಿಗಳಾದರೆ ಹೇಗೆ ಕುದುರೀತು? 1919ರಲ್ಲಿ ಲಂಡನ್ನಿನಲ್ಲಿ ಅನ್ಸರ್ಮೆಯಂಥ ಸಿಂಫನಿ ನಿರ್ದೇಶಕರಿಂದ ಮೆಚ್ಚುಗೆಯ ಲೇಖನ ಬರೆಸಿಕೊಂಡಿದ್ದ ಕಲಾವಿದ ಇವರು. ಫ್ರಾನ್ಸಿನಲ್ಲಿ ನೆಲೆಸಿ, ಸಿನಿಮಾ ತಾರೆಯಷ್ಟು ಜನಪ್ರಿಯರಾಗಲು ಅವರು 1950ರ ದಶಕದವರೆಗೆ ಕಾಯಬೇಕಾಯಿತು.

ಕೈಕಸುಬು ಇದ್ದವರು ಬೀಳಲಿಲ್ಲ ಎಂದಲ್ಲ. ಬಿದ್ದಲ್ಲಿ ನೆಲ ಸಿಕ್ಕಿತು. ಎಲ್ಲವನ್ನೂ ಬಿಟ್ಟು ಕಾರ್ನೆಟ್ ಒಂದನ್ನೇ ನಂಬಿದ ಆಲಿವರ್ ಅವರಿಗೆ ಅದೂ ಸಿಗಲಿಲ್ಲ.

ಸ್ವಿಂಗ್ ಕಾಲಕ್ಕೆ, ಅಂದರೆ ದೊಡ್ಡ ವಾದ್ಯವೃಂದಗಳು ಜಾಝ್ ನುಡಿಸಿ ಜನರನ್ನು ಕುಣಿಸಿದ 1930ರ ದಶಕದ ಕಾಲಕ್ಕೆ, ಬಂದರೆ ಚಿತ್ರ ತಲೆಕೆಳಗಾಗುತ್ತದೆ. ಇಲ್ಲಿ ಹಲವರು ಪದವೀಧರರು. ಫ್ಲೆಚರ್ ಹೆಂಡರ್ಸನ್ ಅವರ ತಂದೆ ಶಾಲಾ ಮುಖ್ಯೋಪಾಧ್ಯಾಯರು. ಮಗ 1920ರಲ್ಲಿ ಅಟ್ಲಾಂಟಾ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದ ಪದವಿ ಪಡೆದು, ಆ ಶಾಸ್ತ್ರದಲ್ಲೇ ಮುಂದುವರಿಯಲು ನ್ಯೂಯಾರ್ಕಿಗೆ ಹೋದರು. ಕಪ್ಪು ರಸಾಯನಶಾಸ್ತ್ರಜ್ಞನಿಗೆ ಬಾಗಿಲು ತೆರೆಯುವ ಪ್ರಯೋಗಾಲಯಗಳು ಎಷ್ಟಿದ್ದವು? ಹಾಡಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಪಿಯಾನೊ ನುಡಿಸುವ ಕೆಲಸ ಸಿಕ್ಕಿತು. ಹಾಗೆ ಶುರುವಾದದ್ದು ದೊಡ್ಡ ವಾದ್ಯವೃಂದವಾಗಿ ಬೆಳೆಯಿತು. ಜಿಮ್ಮಿ ಲನ್ಸ್‌ಫರ್ಡ್ ಫಿಸ್ಕ್ ಪದವೀಧರರು. ಮೆಂಫಿಸ್‌ನ ಪ್ರೌಢಶಾಲೆಯಲ್ಲಿ ಮೇಷ್ಟರಾಗಿದ್ದು ತಮ್ಮ ವಿದ್ಯಾರ್ಥಿಗಳಿಂದಲೇ ಬ್ಯಾಂಡ್ ಕಟ್ಟಿದರು. ಪಿಯಾನೊ ವಾದಕ ಟೆಡ್ಡಿ ವಿಲ್ಸನ್ ಅವರ ತಂದೆತಾಯಿ ಕಪ್ಪು ಜನರ ಟಸ್ಕೀಗಿ ವಿದ್ಯಾಸಂಸ್ಥೆಯಲ್ಲಿದ್ದವರು. ಎಲಿಂಗ್ಟನ್ ಚಿತ್ರಕಲೆಯ ವಿದ್ಯಾರ್ಥಿವೇತನ ಬಿಟ್ಟು, ಬೋರ್ಡು ಬರೆಯುವ ಸ್ವಂತ ವ್ಯಾಪಾರ ನಡೆಸುತ್ತಾ ಬ್ಯಾಂಡ್ ಕಟ್ಟಿದವರು.

ಕ್ಲಾರಿನೆಟ್ ವಾದಕ, ಸ್ವಿಂಗ್ ತಂಡದ ನಾಯಕ ಬೆನ್ನಿ ಗುಡ್‌ಮನ್ ಇವರಿಗೆ ತದ್ವಿರುದ್ಧ. ಷಿಕಾಗೋದ ಬಡ ಯಹೂದಿ ವಲಸಿಗರ ಹನ್ನೆರಡು ಮಕ್ಕಳಲ್ಲಿ ಒಂಬತ್ತನೆಯವರು. ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಅಗ್ಗದಲ್ಲಿ ಸಂಗೀತ ಕಲಿಸುತ್ತಾರೆ ಎಂದು ತಿಳಿದ ತಂದೆ ಮೂವರು ಮಕ್ಕಳನ್ನು ಕರೆದೊಯ್ದರು. ದೊಡ್ಡವನಿಗೆ ಟ್ಯೂಬಾ, ನಡುವಿನವನಿಗೆ ಟ್ರಂಪೆಟ್, ಎಲ್ಲರಿಗಿಂತ ಚಿಕ್ಕವನಾದ ಬೆನ್ನಿಗೆ ಕ್ಲಾರಿನೆಟ್. ಮೈಕಟ್ಟು ನೋಡಿ ಕೊಟ್ಟದ್ದು! ಮಗ ಸಂಪಾದಿಸತೊಡಗಿದಾಗ, 1926ರಲ್ಲಿ, ತಂದೆ ಕಾರಿಗೆ ಸಿಕ್ಕಿ ಸತ್ತರು.

ಈ ಗುಡ್‌ಮನ್, ಆ ಹೆಂಡರ್ಸನ್, ಇಬ್ಬರನ್ನೂ ಬೆಸೆದದ್ದು ರೇಡಿಯೊ. 1934ರ ಡಿಸೆಂಬರ್‌ನಲ್ಲಿ ಶನಿವಾರ ರಾತ್ರಿಯ ನೃತ್ಯ ಕಾರ್ಯಕ್ರಮವೊಂದು ಆರಂಭವಾಯಿತು. ಗುಡ್‌ಮನ್ ತಂಡವೂ ಅದರಲ್ಲಿತ್ತು. ವಾರವಾರವೂ ಹೊಸ ಸಂಯೋಜನೆ ಬೇಕು. ಅತ್ತ ಹೆಂಡರ್ಸನ್ ಅವರ ವೃಂದ ಮುರಿದುಬಿದ್ದಿತ್ತು; ಅವರು ತಮ್ಮ ಸಂಯೋಜನೆಗಳನ್ನು ಮಾರಿದರು. ಷಿಕಾಗೋದಂಥ ನಗರಗಳಲ್ಲಿ ವಾದಕರ ಸಂಘವೇ ಬಿಳಿಯರಿಗೊಂದು, ಕರಿಯರಿಗೊಂದು ಎಂದಿದ್ದ ಕಾಲ. ರೇಡಿಯೊ ಸ್ಟುಡಿಯೊದ ಖಾಯಂ ಸಂಬಳ ಬಹುಮಟ್ಟಿಗೆ ಬಿಳಿಯರಿಗೇ ಮೀಸಲು. ಹೀಗಾಗಿ ರಸಾಯನಶಾಸ್ತ್ರದ ಪದವೀಧರ ಬರೆದದ್ದನ್ನು ದೇಶ ಗುಡ್‌ಮನ್ ಹೆಸರಿನಲ್ಲಿ ಕೇಳಿತು. ಗುಡ್‌ಮನ್ ಋಣ ಮರೆಮಾಚಿದವರಲ್ಲ, ಹೆಂಡರ್ಸನ್ ಅವರ ಹೆಸರನ್ನು ಬಾಯ್ತುಂಬ ಹೇಳುತ್ತಿದ್ದರು. ಆದರೂ ಲಾಭ ಯಾರ ಪಾಲಾಯಿತು ಎಂಬ ಲೆಕ್ಕ ಬೇರೆ.

ಇಲ್ಲೊಂದು ಸ್ವಾರಸ್ಯವಿದೆ. ನ್ಯೂಯಾರ್ಕಿನಲ್ಲಿ ಗುಡ್‌ಮನ್ ಸರದಿ ಬರುವಾಗ ನಡುರಾತ್ರಿ ದಾಟಿರುತ್ತಿತ್ತು, ಜನ ಮಲಗಿರುತ್ತಿದ್ದರು. ಕ್ಯಾಲಿಫೋರ್ನಿಯದ ಗಡಿಯಾರ ಮೂರು ಗಂಟೆ ಹಿಂದೆ. ಅಲ್ಲಿನ ಹುಡುಗ ಹುಡುಗಿಯರು ಎಚ್ಚರವಾಗಿಯೇ ಇದ್ದು ಕೇಳಿದರು. ಹಾಗಾಗಿ 1935ರ ಆಗಸ್ಟ್ 21ರಂದು, ಸೋಲಿನ ಪ್ರವಾಸದ ಕೊನೆಗೆ, ಲಾಸ್ ಏಂಜಲಿಸ್‌ನ ಪಾಲೊಮಾರ್ ನೃತ್ಯಶಾಲೆಯಲ್ಲಿ ಹೆಂಡರ್ಸನ್ ಸಂಯೋಜನೆಗಳನ್ನು ಹಿಡಿದೊಡನೆ ಜನ ಕುಣಿಯುವುದನ್ನು ಬಿಟ್ಟು ವೇದಿಕೆಯ ಸುತ್ತ ನೆರೆದರು. ಮರುವರ್ಷ ಷಿಕಾಗೋದಲ್ಲಿ ಜಾನ್ ಹ್ಯಾಮಂಡ್ ಎಂಬ ವಿಮರ್ಶಕರು ಕಾರಿನ ರೇಡಿಯೊ ತಿರುಗಿಸುತ್ತಿದ್ದಾಗ ಕಾನ್ಸಾಸ್ ಸಿಟಿಯ ಸಣ್ಣ ಕ್ಲಬ್ಬೊಂದರಿಂದ ಬರುತ್ತಿದ್ದ ಕೌಂಟ್ ಬೇಸಿ ಅವರ ಬ್ಯಾಂಡ್ ಕಿವಿಗೆ ಬಿತ್ತು. ಗಾಡಿ ಹೊಡೆಯುವವನ ಮಗನಾದ ಬೇಸಿ ರಾಷ್ಟ್ರಮಟ್ಟದ ಕಲಾವಿದರಾದದ್ದು ಅಲ್ಲಿಂದ. ಬಾನುಲಿಯಲ್ಲಿ ಕೂತು ಬಾನುಲಿಯನ್ನೇ ಹೊಗಳುತ್ತಿದ್ದೇನೆ, ಕ್ಷಮಿಸಿ.

ದೇಶ ಬಿಟ್ಟು ಬದುಕು ಕಂಡುಕೊಂಡವರೂ ಇದ್ದರು. ಪಿಯಾನೊ ವಾದಕ ಟೆಡ್ಡಿ ವೆದರ್‌ಫರ್ಡ್ ಷಿಕಾಗೋದಲ್ಲಿ ಆರ್ಮ್‌ಸ್ಟ್ರಾಂಗ್ ಜೊತೆ ಒಂದೇ ವೃಂದದಲ್ಲಿದ್ದು, 1926ರಲ್ಲಿ ಏಷ್ಯಾಕ್ಕೆ ಹೊರಟರು. ಶಾಂಘೈ, ಬಳಿಕ ಮುಂಬೈನ ತಾಜ್ ಹೋಟೆಲು, ಯುದ್ಧಕಾಲದಲ್ಲಿ ಕಲ್ಕತ್ತೆ. ಗೋವಾದ ವಾದಕರೂ ಇಂಥ ಬ್ಯಾಂಡುಗಳಲ್ಲಿ ಪಳಗಿದರು. ಚಿಕ್ ಚಾಕೊಲೇಟ್ ಎಂದು ಹೆಸರಾದ ಗೋವೆಯ ಟ್ರಂಪೆಟ್ ವಾದಕರು ಮುಂದೆ ಹಿಂದಿ ಚಿತ್ರಸಂಗೀತಕ್ಕೆ ಸ್ವಿಂಗ್ ರುಚಿ ಹತ್ತಿಸಿದರು. ವೆದರ್‌ಫರ್ಡ್ ಅಮೆರಿಕಕ್ಕೆ ಮರಳಿ ಹೋಗಿ ನೆಲೆಸಲಿಲ್ಲ. 1945ರಲ್ಲಿ ಕಲ್ಕತ್ತೆಯಲ್ಲಿ ಕಾಲರಾ ಅವರನ್ನು ಒಯ್ದಿತು.

ಅತ್ತ ಬಂಕ್ ಜಾನ್ಸನ್ ಅವರ ಹೊಸ ಹಲ್ಲಿನಿಂದ ಇನ್ನಷ್ಟು ಹಳಬರಿಗೆ ದಾರಿ ತೆರೆಯಿತು. ಅವರೊಡನೆ ಧ್ವನಿಮುದ್ರಣಕ್ಕೆ ಬಂದ ಕ್ಲಾರಿನೆಟ್ ವಾದಕ ಜಾರ್ಜ್ ಲೂಯಿಸ್ ಹಡಗುಕಟ್ಟೆಯ ಹಮಾಲಿ. 1944ರಲ್ಲಿ ಕೆಲಸದಲ್ಲಿ ಪೆಟ್ಟು ಬಿದ್ದು ಮನೆಯಲ್ಲಿ ಮಲಗಿದ್ದಾಗ ಅಭಿಮಾನಿಯೊಬ್ಬರು ಧ್ವನಿಮುದ್ರಣದ ಯಂತ್ರವನ್ನು ಅಲ್ಲಿಗೇ ತಂದರು. ಬ್ಯಾಂಜೊ, ಬಾಸ್ ಹಿಡಿದ ಇಬ್ಬರು ಗೆಳೆಯರು ಬಂದರು. ಅಂದು ಅವರು ನುಡಿಸಿದ ಬರ್ಗಂಡಿ ಸ್ಟ್ರೀಟ್ ಬ್ಲೂಸ್ ಅವರ ಗುರುತಾಗಿಬಿಟ್ಟಿತು. 1960ರ ದಶಕದಲ್ಲಿ ಈ ಹಮಾಲಿ ಜಪಾನಿನಲ್ಲಿ ತುಂಬಿದ ಸಭಾಂಗಣಗಳಿಗೆ ನುಡಿಸಿದರು. ಕೋಳಿ ಸಾಕುತ್ತಿದ್ದ ಕಿಡ್ ಓರಿ ಅವರನ್ನು ಅದೇ 1944ರಲ್ಲಿ ಸಿನಿಮಾ ನಟ, ನಿರ್ದೇಶಕ ಆರ್ಸನ್ ವೆಲ್ಸ್ ತಮ್ಮ ರೇಡಿಯೊ ಕಾರ್ಯಕ್ರಮಕ್ಕೆ ಕರೆಸಿದರು. ಆ ತಂಡದ ಕ್ಲಾರಿನೆಟ್ ವಾದಕ ಜಿಮ್ಮಿ ನೂನ್ ಪ್ರಸಾರದ ದಿನವೇ ತೀರಿಕೊಂಡಾಗ, ಉಳಿದವರು ಅವರ ನೆನಪಿಗೊಂದು ಬ್ಲೂಸ್ ನುಡಿಸಿ ಕಾರ್ಯಕ್ರಮ ನಡೆಸಿದರು.

ಮತ್ತೆ ನಮ್ಮ ಗಾರೆಯ ಜಾನಿ ಸೇಂಟ್ ಸಿರ್? ಅವರು 1955ರಲ್ಲಿ ಲಾಸ್ ಏಂಜಲಿಸ್‌ಗೆ ಹೋದರು. ಆಗತಾನೇ ಬಾಗಿಲು ತೆರೆದಿದ್ದ ಡಿಸ್ನಿಲ್ಯಾಂಡಿನಲ್ಲಿ ಹಳೆಯ ಮಿಸ್ಸಿಸ್ಸಿಪ್ಪಿ ಮಾದರಿಯ ಹಡಗೊಂದು ಕೃತಕ ನದಿಯಲ್ಲಿ ಸುತ್ತುತ್ತಿತ್ತು. ಅದರ ಮೇಲೆ ನುಡಿಸಲು ನ್ಯೂ ಆರ್ಲಿಯನ್ಸಿನ ಹಳಬರು ಬೇಕಾಗಿದ್ದರು. 1961ರಿಂದ ಸೇಂಟ್ ಸಿರ್ ನಡೆಸಿದ ಆ ತಂಡದ ಹೆಸರು, ನಗಬೇಡಿ, ನ್ಯೂ ಆರ್ಲಿಯನ್ಸಿನ ತರುಣರು. 1966ರಲ್ಲಿ, ಎಪ್ಪತ್ತಾರನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರು ಆ ತಂಡವನ್ನು ನಡೆಸಿದರು.

ನಮಸ್ಕಾರ.