ಅಜ್ಜಿ ಕಳಸದ ಬಸ್ಸು ಹತ್ತುವುದನ್ನು ಬಿಟ್ಟದ್ದೇಕೆ? ಹಿರಿಯರ ಮಾತ್ರೆಗಳು ಮತ್ತು ಅವರ ದಿನಚರಿ

[ದೃಶ್ಯ: ಮಳೆಗಾಲದ ಬೆಳಗು, ತೋಟದ ಮನೆಯ ಅಡುಗೆಮನೆ. ಕಾಫಿ ಲೋಟದ ಪಕ್ಕದಲ್ಲಿ ಮಾತ್ರೆ ತುಂಬಿದ ಬಿಸ್ಕತ್ತಿನ ಡಬ್ಬಿ.]

ನಮಸ್ಕಾರ. ಮೂಡಿಗೆರೆಯ ಹತ್ತಿರದ ತೋಟದ ಮನೆಯೊಂದರಲ್ಲಿ 74 ವರ್ಷದ ಅಜ್ಜಿಯೊಬ್ಬರಿದ್ದಾರೆ ಎಂದುಕೊಳ್ಳೋಣ. ಅವರು ಉದಾಹರಣೆಗೆಂದು ನಾನು ಕಲ್ಪಿಸಿಕೊಂಡವರು. ಆದರೆ ಅವರಿಗೆ ಆಗುವ ಒಂದೊಂದು ತೊಂದರೆಯೂ ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಪರಿಚಯವಿರುವಂಥದ್ದೇ.

ರಕ್ತದೊತ್ತಡ ಹೆಚ್ಚಿದೆಯೆಂದು ಅಜ್ಜಿಗೆ ಆಮ್ಲೋಡಿಪಿನ್ ಮಾತ್ರೆ ಕೊಟ್ಟರು. ಬಿಪಿ ಹತೋಟಿಗೆ ಬಂದಿತು. ಕೆಲವು ವಾರಗಳ ಮೇಲೆ ಎರಡೂ ಕಾಲುಗಳ ಹರಡು ಊದಿಕೊಂಡಿತು. ರಜೆಗೆ ಬಂದಿದ್ದ ಮಗ ಅವರನ್ನು ಬೇರೊಬ್ಬ ವೈದ್ಯರ ಬಳಿ ಕರೆದೊಯ್ದರು. ಹಳೆಯ ಚೀಟಿ ಮನೆಯಲ್ಲೇ ಉಳಿದಿತ್ತು. ಬಾವು ಇಳಿಯಲೆಂದು ಅಲ್ಲಿ ಮೂತ್ರ ಹೆಚ್ಚಿಸುವ ಮಾತ್ರೆ ಸೇರಿತು. ಅದನ್ನು ನುಂಗಿದ ಮೇಲೆ ಗಂಟೆಗೆರಡು ಬಾರಿ ಬಚ್ಚಲಿಗೆ ಹೋಗಬೇಕಾಯಿತು, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟಿತು. ತಲೆಸುತ್ತಿಗೆಂದು ಮೆಡಿಕಲ್ ಶಾಪಿನಿಂದ ಸಿನ್ನರಿಜಿನ್ ಬಂದಿತು. ತಿಂಗಳುಗಟ್ಟಲೆ ನುಂಗಿದರೆ ಹಿರಿಯರಲ್ಲಿ ಈ ಔಷಧಿಯು ಕೈ ನಡುಕವನ್ನೂ ಮಂದ ನಡಿಗೆಯನ್ನೂ ತರಬಲ್ಲದು. ಅದು ನೋಡುವುದಕ್ಕೆ ಪಾರ್ಕಿನ್ಸನ್ ಕಾಯಿಲೆಯಂತೆಯೇ ಇರುತ್ತದೆ. ಇನ್ನೊಂದು ಚೀಟಿಗೆ ಅಲ್ಲಿಂದ ದಾರಿ ತೆರೆಯಿತು.

ಒಂದು ಮಾತ್ರೆಯ ಅಡ್ಡಪರಿಣಾಮವನ್ನು ಹೊಸ ಕಾಯಿಲೆಯೆಂದು ತಿಳಿದು ಇನ್ನೊಂದು ಮಾತ್ರೆ ಬರೆಯುವ ಈ ಸರಪಳಿಯನ್ನು 1990ರ ದಶಕದಲ್ಲಿ ಪೌಲಾ ರೋಶನ್ ಮತ್ತು ಜೆರ್ರಿ ಗುರ್ವಿಟ್ಜ್ ಎಂಬ ವೈದ್ಯರು ಗುರುತಿಸಿ, ಅದಕ್ಕೊಂದು ಹೆಸರು ಕೊಟ್ಟು ವಿವರಿಸಿದರು. ಆಮ್ಲೋಡಿಪಿನ್‌ನಿಂದ ಬರುವ ಬಾವು ಮೈಯಲ್ಲಿ ನೀರು ಹೆಚ್ಚಾಗಿ ಬಂದದ್ದಲ್ಲ. ಸಣ್ಣ ರಕ್ತನಾಳಗಳು ಹಿಗ್ಗಿ, ಅವುಗಳೊಳಗಿನ ದ್ರವ ಸುತ್ತಲಿನ ಅಂಗಾಂಶಕ್ಕೆ ಜಿನುಗುವುದರಿಂದ ಅದು ಉಂಟಾಗುತ್ತದೆ. ಆದ್ದರಿಂದ ಮೂತ್ರದ ಮಾತ್ರೆಯಿಂದ ಅದು ಸರಿಯಾಗಿ ಇಳಿಯುವುದಿಲ್ಲ. ಮೊದಲ ಮಾತ್ರೆಯ ಪ್ರಮಾಣವನ್ನು ಕಡಿಮೆ ಮಾಡುವುದೋ ಅದನ್ನು ಬದಲಿಸುವುದೋ ವೈದ್ಯರು ನೋಡಬೇಕಾದ ದಾರಿ.

[ದೃಶ್ಯ: ಮಳೆಯಲ್ಲಿ ಕೊಟ್ಟಿಗೆಹಾರದ ಕಡೆಯಿಂದ ಬರುತ್ತಿರುವ ಬಸ್ಸು.]

ಅಜ್ಜಿ ವರ್ಷಕ್ಕೆರಡು ಸಲವಾದರೂ ಕಳಸೇಶ್ವರನ ದರ್ಶನಕ್ಕೆ ಹೋಗುತ್ತಿದ್ದವರು. ಘಟ್ಟದ ತಿರುವಿನಲ್ಲಿ ಬಸ್ಸು ನಿಲ್ಲಿಸಿ ಎಂದು ಕೇಳುವುದು ಹೇಗೆಂಬ ಸಂಕೋಚದಿಂದ ಹೋಗುವುದನ್ನು ಬಿಟ್ಟರು. ನೆಂಟರ ಮದುವೆಯೂ ತಪ್ಪಿತು, ಅಂಗಳದ ಹೂವಿನ ಗಿಡದ ಆರೈಕೆಯೂ ನಿಂತಿತು. ಮನೆಯವರು "ವಯಸ್ಸಾಯಿತಲ್ಲ" ಎಂದರು. ಈ ಒಂದು ಮಾತೇ ನನ್ನನ್ನು ಬಹಳ ಕಾಡುತ್ತದೆ, ಏಕೆಂದರೆ ಅದನ್ನು ಆಡಿದ ಮೇಲೆ ಕಾರಣವನ್ನು ಯಾರೂ ಹುಡುಕುವುದಿಲ್ಲ. ಪ್ರತಿ ಸಲವೂ ಬಿಪಿ ಅಳತೆ ಚೆನ್ನಾಗಿಯೇ ಬರುತ್ತಿತ್ತು; ಅಜ್ಜಿಯ ದಿನ ಹೇಗೆ ಸಾಗುತ್ತಿದೆಯೆಂದು ಮಾತ್ರ ಯಾರೂ ಕೇಳಲಿಲ್ಲ. ಬದುಕಿನ ಗುಣಮಟ್ಟವನ್ನು ಅಳೆಯಲು ಸಂಶೋಧಕರು ಬಳಸುವ ಇಕ್ಯೂ-5ಡಿ ಎಂಬ ಪ್ರಶ್ನಾವಳಿಯಲ್ಲಿರುವುದು ಐದೇ ವಿಷಯ: ಓಡಾಟ, ತನ್ನ ಸ್ನಾನ-ಬಟ್ಟೆ ತಾನೇ ನೋಡಿಕೊಳ್ಳುವುದು, ನಿತ್ಯದ ಕೆಲಸ, ನೋವು, ಆತಂಕ-ಬೇಸರ. ಈ ಐದನ್ನು ಮನೆಯವರೂ ಕೇಳಬಹುದು.

ವಯಸ್ಸಾದಂತೆ ಮೂತ್ರಪಿಂಡಗಳು ಔಷಧಿಯನ್ನು ಹೊರಹಾಕುವ ವೇಗ ಕುಗ್ಗುತ್ತದೆ, ಮೈಯ ನೀರಿನಂಶ ಇಳಿದು ಕೊಬ್ಬಿನಂಶ ಏರುತ್ತದೆ. ಹೀಗಾಗಿ ನಲವತ್ತರಲ್ಲಿ ಹೊಂದಿದ ಪ್ರಮಾಣವೇ ಎಪ್ಪತ್ತೈದರಲ್ಲಿ ಅತಿಯಾಗಬಹುದು. ಸ್ನಾಯು ಕಡಿಮೆಯಿರುವ ಹಿರಿಯರಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಸರಿಯಾಗಿದೆಯೆಂದು ತೋರಿದರೂ ಮೂತ್ರಪಿಂಡದ ಶಕ್ತಿ ಕುಂದಿರಬಹುದು. ಟೆಲ್ಮಿಸಾರ್ಟಾನ್‌ನಂಥ ಬಿಪಿ ಮಾತ್ರೆ ಮತ್ತು ಮೂತ್ರದ ಮಾತ್ರೆ ಎರಡನ್ನೂ ತೆಗೆದುಕೊಳ್ಳುತ್ತಿರುವವರು ಮಂಡಿನೋವಿಗೆಂದು ಡೈಕ್ಲೋಫಿನಾಕ್ ಅನ್ನೂ ದಿನವೂ ನುಂಗತೊಡಗಿದರೆ, ಮೂರೂ ಸೇರಿ ಮೂತ್ರಪಿಂಡಕ್ಕೆ ಹಠಾತ್ತನೆ ಪೆಟ್ಟು ಕೊಡಬಲ್ಲವು. ಮಂಡಿನೋವಿನ ಮಾತ್ರೆಗೆ ಚೀಟಿಯೇ ಬೇಡವೆಂದುಕೊಳ್ಳುವುದು ಈ ಕಾರಣಕ್ಕೆ ಅಪಾಯಕರ.

ಕಾಫಿ ಬೆಳೆಯುವ ನಾಡಿನವರಾದ ನಮಗೆ ಇನ್ನೊಂದು ಮಾತು ಹೇಳಲೇಬೇಕು. ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆಗೆ ನುಂಗಿದರೆ ಅದು ಮೈಗೆ ಸರಿಯಾಗಿ ಸೇರುವುದಿಲ್ಲ. ಬರೀ ಹೊಟ್ಟೆಯಲ್ಲಿ ನೀರಿನ ಜೊತೆಗೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಸಕ್ಕರೆ ಕಾಯಿಲೆಗೆಂದು ಹಲವು ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರ ಪಾದದ ಜೋಮು ಕೂಡ ಯಾವಾಗಲೂ ಸಕ್ಕರೆಯಿಂದಲೇ ಬಂದದ್ದಾಗಿರುವುದಿಲ್ಲ. ಆ ಮಾತ್ರೆಯಿಂದ ಬಿ12 ಜೀವಸತ್ವ ಕಡಿಮೆಯಾಗಬಹುದಾದ್ದರಿಂದ ಅದರ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

[ದೃಶ್ಯ: ಬಟ್ಟೆಯ ಚೀಲಕ್ಕೆ ಮಾತ್ರೆಯ ಪಟ್ಟಿಗಳನ್ನು ತುಂಬುತ್ತಿರುವ ಮೊಮ್ಮಗಳ ಕೈ.]

ಇಷ್ಟೆಲ್ಲ ಕೇಳಿ ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ. ಮೆಟೊಪ್ರೊಲಾಲ್‌ನಂಥ ಹೃದಯದ ಮಾತ್ರೆಯನ್ನಾಗಲಿ ಬಹುಕಾಲ ನುಂಗಿದ ನಿದ್ದೆ ಮಾತ್ರೆಯನ್ನಾಗಲಿ ಒಮ್ಮೆಲೇ ಬಿಟ್ಟರೆ ಪ್ರಾಣಕ್ಕೇ ಕುತ್ತಾಗಬಹುದು. ನಾಲ್ಕು ಮಾತ್ರೆ ನಿಜವಾಗಿ ಬೇಕಿರುವವರು ಖರ್ಚಿಗೆ ಹೆದರಿ ಎರಡೇ ನುಂಗುವುದೂ ಅಷ್ಟೇ ದೊಡ್ಡ ತೊಂದರೆ. ಅಂಥವರು ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿಯ ಬೆಲೆಯನ್ನು ವಿಚಾರಿಸಲಿ.

ಮನೆಯಲ್ಲಿರುವ ಮಾತ್ರೆ, ಟಾನಿಕ್, ಆಯುರ್ವೇದದ ಚೂರ್ಣ, ಕಣ್ಣಿನ ಹನಿ, ನೋವಿನ ಮುಲಾಮು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಒಬ್ಬರೇ ವೈದ್ಯರ ಮೇಜಿನ ಮೇಲಿಡಿ. ಕಂಪನಿ ಬೇರೆಯಾದರೂ ಒಳಗಿನ ಔಷಧಿ ಒಂದೇ ಆಗಿರುವ ಎರಡು ಪಟ್ಟಿಗಳು ಆ ಚೀಲದಲ್ಲಿ ಸಿಗುವುದು ಅಪರೂಪವೇನಲ್ಲ. ಯಾವ ಮಾತ್ರೆಯನ್ನು ಯಾವ ತೊಂದರೆಗಾಗಿ, ಯಾವಾಗಿನಿಂದ ತೆಗೆದುಕೊಳ್ಳುತ್ತಿದ್ದಾರೆ, ಅದನ್ನು ಶುರು ಮಾಡಿದ ಮೇಲೆ ಹೊಸದಾಗಿ ಏನು ಕಾಣಿಸಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ, ಸರಪಳಿಯ ಮೊದಲ ಕೊಂಡಿ ಆ ಹಾಳೆಯಲ್ಲೇ ಕಾಣಿಸಬಹುದು. "ಇದರಲ್ಲಿ ಇನ್ನು ಬೇಡವಾದದ್ದು ಯಾವುದಾದರೂ ಇದೆಯೇ ಡಾಕ್ಟ್ರೇ?" ಎಂದು ನೇರವಾಗಿ ಕೇಳಿ.

ವೈದ್ಯರು ಏನನ್ನಾದರೂ ಬದಲಿಸಿದರೆ, ಮುಂದಿನ ಎರಡು ವಾರ ಮನೆಯಲ್ಲಿ ಬಿಪಿಯನ್ನು ಕುಳಿತಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಿ. ನಿಂತಾಗ ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಬೀಳುವ ಅಪಾಯವಿದೆಯೆಂದು ತಿಳಿದು ವೈದ್ಯರಿಗೆ ಫೋನ್ ಮಾಡಿ. ಅದೇ ಹಾಳೆಯ ಅಂಚಿನಲ್ಲಿ ಅಜ್ಜಿ ಆ ದಿನ ಅಂಗಳಕ್ಕೆ ಇಳಿದರೋ ಇಲ್ಲವೋ ಎಂಬುದನ್ನೂ ಬರೆಯಿರಿ.