ಮುಂದಿನ ಅಪ್‌ಡೇಟಿನಲ್ಲಿ ಏನೇನು ಬರುತ್ತದಂತೆ?

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರ್ ಬಳಸುವವರ ಕಿವಿಗೆ ವರ್ಷವಿಡೀ ಬೀಳುವ ಮಾತೊಂದಿದೆ. ಮುಂದಿನ ಅಪ್‌ಡೇಟಿನಲ್ಲಿ ಅದು ಬರುತ್ತದಂತೆ, ಇದು ಬರುತ್ತದಂತೆ. ಈ ಅಂತೆಕಂತೆಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ವಿಂಡೋಸನ್ನು ಮುಂದಿಟ್ಟುಕೊಂಡು ನೋಡೋಣ. ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಏಪ್ರಿಲ್, ಅಕ್ಟೋಬರ್ ಎಂದು ವರ್ಷಕ್ಕೆರಡು ಬಾರಿ ಹೊಸ ಆವೃತ್ತಿ ಕೊಡುತ್ತದೆ, ಮ್ಯಾಕ್ ವರ್ಷಕ್ಕೊಮ್ಮೆ. ಅವುಗಳ ಲೆಕ್ಕ ಇಡುವುದು ಸುಲಭ. ವಿಂಡೋಸಿನದು ಸುತ್ತುಬಳಸು ದಾರಿ.

2025ರ ಸೆಪ್ಟೆಂಬರ್ 30ರಂದು ವಿಂಡೋಸ್ 11ಕ್ಕೆ ಆ ವರ್ಷದ ದೊಡ್ಡ ಅಪ್‌ಡೇಟ್ ಬಂತು, ಹೆಸರು 25ಎಚ್2. ಹಿಂದಿನ ವರ್ಷದ 24ಎಚ್2 ಇದ್ದವರಿಗೆ ಪುಟ್ಟದೊಂದು ಡೌನ್‌ಲೋಡ್, ಒಂದು ರೀಸ್ಟಾರ್ಟ್, ಮುಗಿಯಿತು. ಇಷ್ಟೇನಾ ಅಂತ ಅನ್ನಿಸುವುದು ಸಹಜ. ಆದರೆ ಹೊಸ ಸೌಲಭ್ಯಗಳ ಕೋಡ್ ಪ್ರತಿ ತಿಂಗಳ ಅಪ್‌ಡೇಟುಗಳ ಜೊತೆ ಅದಾಗಲೇ ಬಂದು ಕೂತಿತ್ತು. ವೈರಿಂಗ್ ಎಲ್ಲ ಆಗಿತ್ತು, ಸ್ವಿಚ್ ಒತ್ತುವುದಷ್ಟೇ ಬಾಕಿ ಇತ್ತು. ನನ್ನನ್ನು ಕೇಳಿದರೆ ಆ ಅಪ್‌ಡೇಟಿನಲ್ಲಿ ಬಂದದ್ದಕ್ಕಿಂತ ಹೋದದ್ದೇ ಎದ್ದು ಕಾಣುತ್ತದೆ. ಆಜ್ಞೆಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಪವರ್‌ಶೆಲ್ ಎಂಬ ಸಲಕರಣೆಯ ಹಳೇ 2.0 ಆವೃತ್ತಿಗೆ ಅಲ್ಲಿ ಜಾಗವಿಲ್ಲ. ಹಾಗಾದರೆ ಹಾಕಿಕೊಳ್ಳುವುದೇಕೆ? ಹೋಮ್ ಮತ್ತು ಪ್ರೋ ಬಳಸುವವರಿಗೆ ಪ್ರತಿ ವಾರ್ಷಿಕ ಆವೃತ್ತಿಯೂ ಬಿಡುಗಡೆಯಾದ ದಿನದಿಂದ 24 ತಿಂಗಳ ಭದ್ರತಾ ರಕ್ಷಣೆ ತರುತ್ತದೆ. ಅದಕ್ಕೆ.

ಸ್ವಿಚ್ ಒತ್ತುವುದೂ ಎಲ್ಲರಿಗೂ ಒಂದೇ ದಿನ ಅಲ್ಲ. ಒಂದೇ ಮೇಜಿನ ಮೇಲಿರುವ ಎರಡು ಕಂಪ್ಯೂಟರುಗಳಲ್ಲಿ ಆವೃತ್ತಿ ಒಂದೇ, ಅಪ್‌ಡೇಟ್ ಒಂದೇ. ಒಂದರಲ್ಲಿ ಹೊಸ ಸೌಲಭ್ಯ ಕಾಣುತ್ತದೆ, ಇನ್ನೊಂದರಲ್ಲಿ ಇಲ್ಲ. ಯಂತ್ರ ಕೆಟ್ಟಿಲ್ಲ. ಮೈಕ್ರೋಸಾಫ್ಟ್ ಹಂತಹಂತವಾಗಿ ಹಂಚುತ್ತಿದೆ, ನಿಮ್ಮ ಸರದಿ ಬಂದಿಲ್ಲ, ಅಷ್ಟೇ.

ಇನ್ನು ಬಾರದೇ ಹೋದವು. 2017ರ ನವೆಂಬರ್‌ನಲ್ಲಿ ಸೆಟ್ಸ್ ಎಂಬುದನ್ನು ಘೋಷಿಸಿದರು. ಬ್ರೌಸರಿನಲ್ಲಿ ಟ್ಯಾಬ್ ಇರುವಂತೆ ಬೇರೆ ಬೇರೆ ಆ್ಯಪ್‌ಗಳನ್ನು ಒಂದೇ ಕಿಟಕಿಯೊಳಗೆ ಟ್ಯಾಬ್‌ಗಳಾಗಿ ಜೋಡಿಸಿಕೊಳ್ಳುವ ಸೌಲಭ್ಯ. 2018ರಲ್ಲಿ ಪರೀಕ್ಷಕರ ಕೈಗೂ ಕೊಟ್ಟರು. ಜನಸಾಮಾನ್ಯರ ಕಂಪ್ಯೂಟರಿಗೆ ಅದು ಬರಲೇ ಇಲ್ಲ. ಫೈಲ್ ಎಕ್ಸ್‌ಪ್ಲೋರರಿನೊಳಗೆ ಟ್ಯಾಬ್ ಸಿಕ್ಕಿದ್ದೇ 2022ರಲ್ಲಿ. ಬರುತ್ತದೆಂದು ಕಾದವರಿಗೆ ಅಷ್ಟಾದರೂ ಸಿಕ್ಕಿತು.

ಕಿತ್ತುಕೊಂಡದ್ದನ್ನೇ ಹೊಸದೆಂದು ಕೊಡುವುದೂ ಉಂಟು. ಫೈಲನ್ನು ಎಳೆದು ಟಾಸ್ಕ್‌ಬಾರ್ ಮೇಲಿರುವ ಆ್ಯಪ್‌ನೊಳಗೆ ಹಾಕುವ ಅನುಕೂಲ ವಿಂಡೋಸ್ 10ರಲ್ಲಿ ಇತ್ತು. 2021ರಲ್ಲಿ ವಿಂಡೋಸ್ 11 ಬಂದಾಗ ಮಾಯವಾಯಿತು. ಮರುವರ್ಷ ಹೊಸ ಸೌಲಭ್ಯಗಳ ಪಟ್ಟಿಯಲ್ಲಿ ಕಾಣಿಸಿಕೊಂಡಿತು!

ಪರೀಕ್ಷಕರು ಎಂದೆನಲ್ಲ, ಇವರು ಇನ್ಸೈಡರುಗಳು. 2014ರಿಂದ ನಡೆದುಬಂದಿರುವ ವ್ಯವಸ್ಥೆ ಇದು. ಬಿಡುಗಡೆಗೆ ಮುಂಚಿನ ಆವೃತ್ತಿಗಳನ್ನು ಆಸಕ್ತರು ತಾವಾಗಿಯೇ ಹಾಕಿಕೊಂಡು ದೋಷಗಳನ್ನು ವರದಿ ಮಾಡುತ್ತಾರೆ. ಇಷ್ಟೊಂದು ಜನ ನೋಡಿದ ಮೇಲೂ ಎಡವುವುದುಂಟು. 2018ರ ಅಕ್ಟೋಬರ್ ಅಪ್‌ಡೇಟಿನ ಕತೆ ಕೇಳಿ. ಸಿ ಡ್ರೈವಿನಲ್ಲಿ ಜಾಗ ಸಾಲದೆ ಕೆಲವರು ತಮ್ಮ ಡಾಕ್ಯುಮೆಂಟ್ಸ್ ಫೋಲ್ಡರನ್ನು ಡಿ ಡ್ರೈವಿಗೆ ಬದಲಾಯಿಸಿಕೊಂಡಿದ್ದರು. ಹಳೆಯ ಜಾಗದಲ್ಲೂ ಒಂದಿಷ್ಟು ಫೈಲುಗಳು ಉಳಿದಿದ್ದವು. ಒಂದೇ ಹೆಸರಿನ ಎರಡೆರಡು ಫೋಲ್ಡರ್ ಏಕೆಂದು ಅಪ್‌ಡೇಟ್ ಹಳೆಯದನ್ನು ಒಳಗಿದ್ದ ಫೈಲುಗಳ ಸಮೇತ ಅಳಿಸಿಹಾಕಿತು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಮತ್ತೆ ಬಂದದ್ದು ನವೆಂಬರ್ 13ಕ್ಕೆ. ಬೇಸರದ ಸಂಗತಿ ಏನೆಂದರೆ, ಫೈಲು ಕಳೆದುಹೋಯಿತೆಂದು ಕೆಲವು ಪರೀಕ್ಷಕರು ಮುಂಚೆಯೇ ಬರೆದಿದ್ದರು. ಆ ದೂರುಗಳಿಗೆ ಉಳಿದ ಪರೀಕ್ಷಕರಿಂದ ಬಿದ್ದ ಬೆಂಬಲದ ಮತ ಕಡಿಮೆ, ಹಾಗಾಗಿ ರಾಶಿಯ ಅಡಿಯಲ್ಲೇ ಉಳಿದವು. ಆಮೇಲೆ ತೊಂದರೆ ಎಷ್ಟು ಗಂಭೀರ ಎಂದು ನಮೂದಿಸುವ ಅವಕಾಶವನ್ನೂ ದೂರಿನ ಪುಟದಲ್ಲಿ ಸೇರಿಸಿದರು.

ಜನ ತಕರಾರು ಎತ್ತಿದ್ದರಿಂದ ರೂಪ ಬದಲಿಸಿಕೊಂಡು ಬಂದದ್ದು ರೀಕಾಲ್. ಪರದೆಯ ಮೇಲೆ ನೀವು ನೋಡಿದ್ದನ್ನು ಆಗಾಗ ಚಿತ್ರ ತೆಗೆದಿಟ್ಟು, ಬೇಕೆಂದಾಗ ಹುಡುಕಿಕೊಡುವ ಸೌಲಭ್ಯ. 2024ರ ಮೇ ತಿಂಗಳಲ್ಲಿ ಘೋಷಿಸಿದಾಗ ಭದ್ರತಾ ತಜ್ಞರು ಮುಗಿಬಿದ್ದರು. ನಮ್ಮ ಖಾಸಗಿ ಮಾಹಿತಿಯೆಲ್ಲ ಕಳ್ಳನ ಕೈಗೆ ಒಂದೇ ಕಡೆ ಸಿಗುತ್ತದಲ್ಲ ಎಂಬುದು ಅವರ ಆತಂಕ. ಬಿಡುಗಡೆ ಮುಂದೂಡಿದರು, ದತ್ತಾಂಶಕ್ಕೆ ಗೂಢಲಿಪಿಯ ರಕ್ಷಣೆ ಬಿಗಿಮಾಡಿದರು, ಬಳಕೆದಾರ ತಾನಾಗಿ ಒಪ್ಪಿದರಷ್ಟೇ ಕೆಲಸ ಮಾಡುವಂತೆ ಬದಲಿಸಿದರು. 2025ರ ಏಪ್ರಿಲ್‌ನಲ್ಲಿ, ಕೋಪೈಲಟ್ ಪ್ಲಸ್ ಎಂಬ ವರ್ಗದ ಕಂಪ್ಯೂಟರುಗಳಿಗೆ ಮಾತ್ರ ಸಿಕ್ಕಿತು. ನಾನಂತೂ ಅದನ್ನು ಆನ್ ಮಾಡುವ ಆತುರದಲ್ಲಿಲ್ಲ.

ನನಗೆ ಮೆಚ್ಚುಗೆಯಾದ ಹೊಸ ಸೌಲಭ್ಯದ ಬಗ್ಗೆ ಗಲಾಟೆಯೇ ಆಗಲಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಭದ್ರತಾ ಸಂಸ್ಥೆಯ ಒಂದು ದೋಷಪೂರಿತ ಫೈಲಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು. ಅವುಗಳಲ್ಲಿ ಎಷ್ಟೋ ಯಂತ್ರಗಳ ಮುಂದೆ ತಂತ್ರಜ್ಞರು ಒಂದೊಂದಾಗಿ ಕೂತು, ಅತ್ಯಗತ್ಯವಾದವನ್ನಷ್ಟೇ ನಡೆಸುವ ಸೇಫ್ ಮೋಡಿಗೆ ಹೋಗಿ, ಆ ಫೈಲನ್ನು ಕೈಯಾರೆ ಅಳಿಸಬೇಕಾಯಿತು. 2025ರಲ್ಲಿ ಬಂದ ಕ್ವಿಕ್ ಮಷೀನ್ ರಿಕವರಿ ಇಂಥ ಹೊತ್ತಿಗೆಂದೇ ಮಾಡಿದ್ದು. ಕಂಪ್ಯೂಟರ್ ಮತ್ತೆ ಮತ್ತೆ ಶುರುವಾಗದೆ ಸೋತರೆ ತಾನೇ ರಿಕವರಿ ಪರದೆಗೆ ಹೋಗುತ್ತದೆ, ಇಂಟರ್ನೆಟ್ಟಿಗೆ ಸೇರಿಕೊಂಡು ಪರಿಹಾರ ಹುಡುಕುತ್ತದೆ, ಸಿಕ್ಕರೆ ಹಾಕಿಕೊಳ್ಳುತ್ತದೆ. ಅದೇ ಸಮಯಕ್ಕೆ, ವಿಂಡೋಸ್ ಕೆಟ್ಟು ನಿಂತಾಗ ಕಾಣುವ ಹಳೇ ನೀಲಿ ಪರದೆ ಕಪ್ಪಾಯಿತು. ಎಲ್ಲರೂ ಬಣ್ಣದ ಬಗ್ಗೆ ಮಾತಾಡಿದರು! ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್, ಅದರೊಳಗೆ ರಿಕವರಿ ನೋಡಿ. ಈ ಸೌಲಭ್ಯ ಆನ್ ಇದೆಯೋ ಇಲ್ಲವೋ ಅಲ್ಲಿ ತಿಳಿಯುತ್ತದೆ.

ಕೊನೆಗೆ, ಯಾವುದನ್ನು ಹಾಕಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಕೇಳುವವರಿಗೆ. ತಿಂಗಳ ಎರಡನೇ ಮಂಗಳವಾರ ಬರುವುದು ಭದ್ರತಾ ಅಪ್‌ಡೇಟ್, ಅದನ್ನು ತಪ್ಪಿಸಬೇಡಿ. ತಿಂಗಳ ಕೊನೆಯ ಹೊತ್ತಿಗೆ ಪ್ರಿವ್ಯೂ ಎಂಬ ಹೆಸರು ಹೊತ್ತು ಇನ್ನೊಂದು ಕಾಣಿಸಿಕೊಂಡರೆ, ಹೊಸದನ್ನು ನೋಡುವ ಚಪಲ ಇಲ್ಲದವರು ಅದರ ತಂಟೆಗೆ ಹೋಗಬೇಕಿಲ್ಲ. ಅದರಲ್ಲಿರುವ ತಿದ್ದುಪಡಿಗಳು ಸಾಮಾನ್ಯವಾಗಿ ಮುಂದಿನ ತಿಂಗಳ ಅಪ್‌ಡೇಟಿನ ಜೊತೆ ಹೇಗೂ ಬರುತ್ತವೆ. ನಮಸ್ಕಾರ.