ಮೊದಲು ಆ ಪಾತ್ರೆ ತೊಳೆಸಿ!

ನಮಸ್ಕಾರ, ನಮಸ್ಕಾರ. ಇವತ್ತು ಬೇರೆಯೇ ವಿಷಯ ಇತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಬೆಳಿಗ್ಗೆ ಎದ್ದು ಒಂದು ಕಾಮೆಂಟ್ ಓದಿದೆ, ತಲೆ ಕೆಟ್ಟಿತು.

ಹೋದ ವಾರದ ವಿಡಿಯೋದಲ್ಲಿ ಒಂದೇ ಒಂದು ಸಾಲು ಹೇಳಿದ್ದೆ. ಮಕ್ಕಳ ಬೇಸಿಗೆ ಅಡುಗೆ ಶಿಬಿರದಲ್ಲಿ ಪಾತ್ರೆ ತೊಳೆಯುವುದನ್ನೂ ಕಲಿಸಬೇಕು ಅಂತ. ಅದಕ್ಕೆ ಒಬ್ಬರು ಬರೆದಿದ್ದಾರೆ: "ಸಾರ್, ದುಡ್ಡು ಕೊಟ್ಟು ಮಗಳನ್ನ ಮುಸುರೆ ತಿಕ್ಕೋಕೆ ಕಳಿಸ್ಬೇಕಾ?" ಕೆಳಗೆ ನಗುವ ಮುಖಗಳು, ಉದ್ದಕ್ಕೆ.

ಹೌದು. ಕಳಿಸಬೇಕು. ವಿಡಿಯೋ ಮುಗಿಯಿತು, ಲೈಕ್ ಒತ್ತಿ, ಹೋಗಿ ಬನ್ನಿ.

ಇಲ್ಲ ಇಲ್ಲ, ಕೂತ್ಕೊಳ್ಳಿ. ಈ ಸಿಟ್ಟಿಗೊಂದು ಕಥೆ ಇದೆ.

ನನ್ನ ಅಕ್ಕನ ಮಗಳಿಗೆ ಹತ್ತು ವರ್ಷ. ಈ ರಜೆಯಲ್ಲಿ ಐದು ದಿನದ ಅಡುಗೆ ಶಿಬಿರಕ್ಕೆ ಹೋಗಿ ಬಂದಳು. ತಲೆ ಮೇಲೆ ಅವಳಿಗಿಂತ ಎತ್ತರದ ಬಿಳಿ ಟೋಪಿ. ಏಪ್ರನ್. ಕೈಯಲ್ಲಿ 'ಪುಟಾಣಿ ಶೆಫ್' ಅಂತ ಸರ್ಟಿಫಿಕೇಟ್. ಬಂದವಳೇ "ಮಾಮ, ನಿಂಗೆ ಕೇಕ್ ಮಾಡ್ತೀನಿ" ಅಂದಳು. ಮಾಡಿದಳು. ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಒಂದು ಕೇಕಿಗೆ ಹನ್ನೊಂದು ಪಾತ್ರೆ. ಎಣಿಸಿದ್ದೇನೆ. ಎರಡು ಮೊಟ್ಟೆ ಒಡೆಯುವುದಕ್ಕೇ ಮೂರು ಬಟ್ಟಲು! ಮೂರನೆಯದು ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

"ಇದನ್ನೆಲ್ಲ ಯಾರು ತೊಳೀತಾರೆ ಪುಟ್ಟಿ?"

"ಕ್ಯಾಂಪಲ್ಲಿ ಆಂಟಿ ತೊಳೀತಾರೆ."

"ಆಂಟಿ ಹೆಸರೇನು?"

ಗೊತ್ತಿಲ್ಲ. ಕಲಿಸಿದ ಶೆಫ್ ಹೆಸರು ಗೊತ್ತು. ಅವರ ಇನ್‌ಸ್ಟಾಗ್ರಾಮ್ ಹೆಸರೂ ಗೊತ್ತು. ಐದು ದಿನ ಅವಳ ಎಂಜಲು ಬಟ್ಟಲು ಎತ್ತಿದವರ ಹೆಸರು ಗೊತ್ತಿಲ್ಲ. ಮಗುವನ್ನು ಬೈಯುತ್ತಿಲ್ಲ ನಾನು. ಅದಕ್ಕೆ ಹೇಳಿಕೊಟ್ಟಿದ್ದೇ ಅಷ್ಟು. ಟೋಪಿ ನಿಂದು, ಪಾತ್ರೆ ಇನ್ಯಾರದ್ದೋ!

ಅದಕ್ಕೇ ಹೇಳುವುದು, ಪಾತ್ರೆ ತೊಳೆಸದ ಶಿಬಿರ ಅಡುಗೆ ಶಿಬಿರ ಅಲ್ಲ. ಅದು ಹುಟ್ಟುಹಬ್ಬದ ಪಾರ್ಟಿ. ಐದು ದಿನ ನಡೆಯುತ್ತದೆ, ಅಷ್ಟೇ.

ಈಗ ಬರುತ್ತದೆ ನೋಡಿ, "ಪಾತ್ರೆ ತೊಳೆಯುವುದರಲ್ಲಿ ಕಲಿಯುವುದೇನಿದೆ?" ಏನಿದೆಯಾ? ಮೊಟ್ಟೆ ಕಲಸಿದ ಬಟ್ಟಲಿಗೆ ನೇರ ಬಿಸಿ ನೀರು ಬಿಟ್ಟು ನೋಡಿ. ಮೊಟ್ಟೆಯ ಬಿಳಿ ಭಾಗ ಸುಮಾರು 60 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗಲು ಶುರು. ಅಂದರೆ ನೀವು ತೊಳೆಯುತ್ತಿಲ್ಲ, ಬಟ್ಟಲಿಗೇ ಅಂಟಿಸಿ ಬೇಯಿಸುತ್ತಿದ್ದೀರಿ. ಹಿಟ್ಟೂ ಅಷ್ಟೇ, ಬಿಸಿ ತಾಗಿದರೆ ಗೋಂದು. ಮೊದಲು ತಣ್ಣೀರು, ಆಮೇಲೆ ಬಿಸಿ. ಇದನ್ನು ಸಿಂಕ್ ಮುಂದೆ ನಿಂತ ಮಗು ಒಂದೇ ದಿನದಲ್ಲಿ ಕಲಿಯುತ್ತದೆ. ನಾನು ಕಲಿತಿದ್ದು ಮೂವತ್ತೆರಡನೇ ವಯಸ್ಸಿಗೆ, ಬೈಸಿಕೊಂಡು. ಇನ್ನು ಸೋಪು! ಅದರ ಕಣಕ್ಕೆ ಒಂದು ತುದಿ ನೀರಿನ ಕಡೆ, ಇನ್ನೊಂದು ತುದಿ ಜಿಡ್ಡಿನ ಕಡೆ. ಎರಡೂ ಪಾರ್ಟಿ ಜೊತೆ ಸಂಬಂಧ ಇಟ್ಟುಕೊಂಡ ರಾಜಕಾರಣಿ ಇದ್ದ ಹಾಗೆ. ಜಿಡ್ಡನ್ನು ಹಿಡಿದುಕೊಂಡು ನೀರಿನ ಜೊತೆ ಓಡಿಹೋಗುತ್ತದೆ. ಈ ಸಾಲನ್ನು ಶಾರ್ಟ್ಸ್ ಮಾಡಿ ಹಾಕುತ್ತೇನೆ, ಶೇರ್ ಮಾಡಿ.

"ಮಕ್ಕಳ ಸುರಕ್ಷತೆ ಸಾರ್, ಗಾಜು, ಒದ್ದೆ ನೆಲ." ಓಹೋ. ಚಾಕು ಕೊಡುತ್ತೀರಿ, ಓವನ್ ಕೊಡುತ್ತೀರಿ, ಸ್ಪಂಜು ಮಾತ್ರ ಅಪಾಯ! ನಿಜವಾದ ಅಪಾಯ ಎಲ್ಲಿದೆ ಹೇಳಲಾ? ಹಸಿ ಕೋಳಿ ಕತ್ತರಿಸಿದ ಹಲಗೆಯನ್ನು ತೊಳೆಯದೆ ಅದರ ಮೇಲೇ ಸೌತೆಕಾಯಿ ಹೆಚ್ಚುವುದರಲ್ಲಿದೆ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಅನ್ನೋ ಕ್ರಿಮಿ ಹರಡುವುದು ಹೀಗೂ ಹೌದು. ಕೋಳಿಯೇನೋ ಬೇಯುತ್ತದೆ, ಕ್ರಿಮಿ ಸಾಯುತ್ತದೆ. ಸೌತೆಕಾಯಿಯನ್ನು ಬೇಯಿಸುತ್ತೀರಾ? ಶಿಬಿರದಲ್ಲಿ ಕೈಯನ್ನು 20 ಸೆಕೆಂಡ್ ತೊಳೆಯಲು ಹಾಡು ಹೇಳಿಕೊಡುತ್ತಾರೆ. ಒಳ್ಳೆಯದೇ. ಹಲಗೆಗೆ ಯಾಕೆ ಹಾಡಿಲ್ಲ? ನಾನೇ ಬರೆದುಕೊಡುತ್ತೇನೆ ಬೇಕಾದರೆ. ಬೇಡ ಅಲ್ವಾ? ಸರಿ.

ಇನ್ನೊಬ್ಬರು ಬುದ್ಧಿವಂತರು: "ಯಾವ ಕಾಲದಲ್ಲಿದ್ದೀರಿ, ಡಿಶ್‌ವಾಷರ್ ಇದೆಯಲ್ಲ." ಇದೆ ಸ್ವಾಮಿ, 1886ರಿಂದಲೇ ಇದೆ. ಅಮೆರಿಕದ ಜೋಸೆಫೀನ್ ಕಾಕ್ರೇನ್ ಎಂಬ ಹೆಂಗಸು ಆ ವರ್ಷ ಪೇಟೆಂಟ್ ಪಡೆದರು. ಮನೆಯ ಕೆಲಸದವರು ತೊಳೆಯುವಾಗ ಪಿಂಗಾಣಿ ಅಂಚು ಒಡೆಯುತ್ತಿತ್ತಂತೆ, ಅದಕ್ಕೆ. ಸರಿ, ಆ ಯಂತ್ರಕ್ಕೆ ತಟ್ಟೆ ಜೋಡಿಸುವವರು ಯಾರು? ಉಳಿದಿದ್ದನ್ನು ಬಳಿದು ಹಾಕುವವರು ಯಾರು? ಮರದ ಹಲಗೆ, ಒಳ್ಳೆಯ ಚಾಕು, ಇವನ್ನು ಅದರೊಳಗೆ ಹಾಕಲೇಬಾರದು ಅಂತ ಹೇಳುವವರು ಯಾರು? ಆಂಟಿ! ಮತ್ತೆ ಆಂಟಿಯೇ!

"ನನ್ನ ಮಗ ಶೆಫ್ ಆಗ್ತಾನೆ, ಕ್ಲೀನರ್ ಅಲ್ಲ." ಇದಂತೂ ನನಗೆ ಬಹಳ ಇಷ್ಟವಾದ ಕಾಮೆಂಟ್. ಅಪ್ಪಾ, ದೊಡ್ಡ ಅಡುಗೆಮನೆಗೆ ಹೋಗಿ ನೋಡು. ಒಂದು ಕೆಲಸ ಮುಗಿದರೆ ಮೇಜು ಒರೆಸಿದ ಮೇಲೇ ಇನ್ನೊಂದು. ಹೆಗಲ ಮೇಲೆ ಬಟ್ಟೆ ಇಟ್ಟುಕೊಳ್ಳುವುದು ಸುಮ್ನೆ ಸ್ಟೈಲಿಗಾ? ಮತ್ತೆ ಗಮನಿಸಿ, ಈ ಕಾಮೆಂಟ್ ಹಾಕುವುದು ಗಂಡು ಮಕ್ಕಳ ಅಪ್ಪಂದಿರೇ ಜಾಸ್ತಿ. ಮಗಳು ತೊಳೆದರೆ "ಎಷ್ಟು ಜಾಣೆ", ಮಗ ತೊಳೆದರೆ "ಪಾಪ". ಏನು ಪಾಪ?

ಪುಟ್ಟ ಕೈಗೆ ಆಗುವುದಿಲ್ಲ ಅನ್ನುತ್ತೀರಾ? 1907ರಲ್ಲಿ ರೋಮ್‌ನಲ್ಲಿ ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸೊರಿ ಪುಟ್ಟ ಮಕ್ಕಳಿಗಾಗಿ 'ಮಕ್ಕಳ ಮನೆ' ಅನ್ನೋ ತಮ್ಮ ಮೊದಲ ಶಾಲೆ ತೆರೆದರು. ಗುಡಿಸುವುದು, ತೊಳೆಯುವುದು, ಊಟ ಬಡಿಸುವುದು, ಎಲ್ಲವೂ ಅವರ ಪಾಠವೇ. ಒಡೆಯುವಂಥ ನಿಜವಾದ ತಟ್ಟೆಗಳನ್ನೇ ಮಕ್ಕಳ ಕೈಗೆ ಕೊಡುತ್ತಿದ್ದರು. ಅವು ಆರೇಳು ವರ್ಷವೂ ತುಂಬದ ಮಕ್ಕಳು. ನಿಮ್ಮ ಮಗನಿಗೆ ಹನ್ನೊಂದು!

ಸಮಯ ಸಾಲುವುದಿಲ್ಲ ಅನ್ನುವ ಆಯೋಜಕರಿಗೆ ಒಂದೇ ಮಾತು. ಫೋಟೋ ತೆಗೆಯುವುದನ್ನು ಅರ್ಧ ಗಂಟೆ ಕಡಿಮೆ ಮಾಡಿ. ಸಾಲುತ್ತದೆ.

ಇನ್ನೂ ಮೂರು ಪಾಯಿಂಟ್ ಬರೆದುಕೊಂಡಿದ್ದೆ. ಒಂದು ನೀರು ಉಳಿಸುವುದರ ಬಗ್ಗೆ. ಇನ್ನೆರಡು... ನನ್ನ ಅಕ್ಷರ ನನಗೇ ಓದಲಾಗುತ್ತಿಲ್ಲ. ಬಿಡಿ. ತೊಳೆಸಿ. ಅಷ್ಟೇ. ತೊಳೆಸಿ ಅಂದರೆ ತೊಳೆಸಿ.

ಹಾಂ, ಪುಟ್ಟಿ ಏನು ಮಾಡಿದಳು ಅಂತ ಕೇಳುತ್ತೀರಿ. ತೊಳೆದಳು. ಹನ್ನೊಂದು ಪಾತ್ರೆಗೆ ಐವತ್ತು ನಿಮಿಷ. ಅರ್ಧ ಬಾಟಲಿ ಸೋಪು ಖಾಲಿ, ನೆಲವೆಲ್ಲ ಕೆರೆ. ಹೋಗುತ್ತಾ ನನ್ನ ಚಾನೆಲ್‌ನ ಮಗ್ ಒಂದನ್ನು ಒಡೆದಳು. ಅದೇ, ನನ್ನ ಮುಖ ಇರುವ ಮಗ್. ಸರಿಯಾಗಿ ಮೂಗಿನ ಮೇಲೆ ಬಿರುಕು.

ಆ ಮಗ್ ಈಗ ಹೊಸ ಬಣ್ಣದಲ್ಲೂ ಬಂದಿದೆ, ಲಿಂಕ್ ಕೆಳಗಿದೆ. ಕಾಮೆಂಟ್ ಹಾಕಿದ ಸಾರ್, ನಿಮಗೊಂದು ಉಚಿತವಾಗಿ ಕಳಿಸುತ್ತೇನೆ, ವಿಳಾಸ ಮೆಸೇಜ್ ಮಾಡಿ. ಬಳಸುವ ಮುಂಚೆ ಚೆನ್ನಾಗಿ ತೊಳೆಯಬೇಕು. ನೀವೇ.